ಮೂವತ್ತೇಳರ ದೋಷ

ಅಜ್ಜಂಪುರದ ಕೂಲಿಮಠದ ಮೇಷ್ಟ್ರು ಪಂಚಾಕ್ಷರಪ್ಪನವರಿಗೆ ಮಗ್ಗಿಯ ಮೇಲಿದ್ದ ನಂಬಿಕೆ ಮನುಷ್ಯರ ಮೇಲಿರಲಿಲ್ಲ. ಒಂದು ಸಂಖ್ಯೆಯನ್ನು ಅದಕ್ಕಿಂತ ಚಿಕ್ಕವು ಯಾವುವು ಶೇಷವಿಲ್ಲದೆ ಭಾಗಿಸುತ್ತವೋ ಅವು ಅದರ ಮಕ್ಕಳು ಎಂದು ಕಲಿಸುತ್ತಿದ್ದರು. ಹನ್ನೆರಡಕ್ಕೆ ಎರಡು, ಮೂರು, ನಾಲ್ಕು, ಆರು, ನಾಲ್ವರ ಸಂಸಾರ. ಏಳಕ್ಕೆ ಯಾರೂ ಇಲ್ಲ, ಅದು ಬಂಜೆ. ಒಂದು ಎಂಬುದು ಎಲ್ಲರ ಮನೆಯಲ್ಲೂ ಇರುವ ಮುದುಕ. ಮೇಷ್ಟ್ರಿಗೆ ಬೇಕಾದಾಗ ಲೆಕ್ಕಕ್ಕೆ ಬರುತ್ತಿತ್ತು, ಬೇಡವಾದಾಗ ಜಗಲಿಯಲ್ಲಿ ಕೂತಿರುತ್ತಿತ್ತು.

ಬಂಜೆ ಸಂಖ್ಯೆಗಳನ್ನು ಎರಡರಿಂದ ತೊಂಬತ್ತೇಳರವರೆಗೆ ತಮ್ಮ ಮನೆಯ ಪಡಸಾಲೆಯ ಗೋಡೆಗೆ ಕೆಮ್ಮಣ್ಣಿನಲ್ಲಿ ಸಾಲಾಗಿ ಬರೆದಿದ್ದರು. ಸುಣ್ಣ ಬಳಿಯುವಾಗ ಆ ಸಾಲನ್ನು ಬಿಟ್ಟು ಬಳಿಯುವ ಕೆಲಸ ಹೆಂಡತಿ ಕಲ್ಲಮ್ಮನದು. ಹಾಗಾಗಿ ಮಠದ ಮೆಟ್ಟಿಲು ಹತ್ತದ ಆಕೆಗೂ ಅದು ಬಾಯಿಪಾಠ.

ಕಲ್ಲಮ್ಮನಿಗೆ ಮಕ್ಕಳಿರಲಿಲ್ಲ. ಇಪ್ಪತ್ತು ವರ್ಷ ಕಾರಣ ಹುಡುಕಿದ ಮೇಷ್ಟ್ರಿಗೆ ಸಾವಿರದ ಒಂಬೈನೂರ ಹನ್ನೆರಡರಲ್ಲಿ ಜ್ಞಾನೋದಯವಾಯಿತು.

"ನಿನಗೀಗ ಮೂವತ್ತೇಳು ಕಣೇ. ಗೋಡೆ ನೋಡು."

ಹೋದ ವರ್ಷ, ಮೂವತ್ತಾರರಲ್ಲಿ, ಏಳು ಮಕ್ಕಳಾಗಬೇಕಿತ್ತಲ್ಲ ಎಂದು ಕೇಳಬಹುದಿತ್ತು. ಹೆಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಕಲ್ಲಮ್ಮ ರೊಟ್ಟಿ ತಿರುವಿದಳು.

ಲಿಂಗದಹಳ್ಳಿಯ ವಿಧವೆ ಮಲ್ಲಿಕಾಂಬಳಿಗೆ ಇಪ್ಪತ್ತೆಂಟು ಎಂದು ಮೇಷ್ಟ್ರಿಗೆ ತಿಳಿಯಿತು. "ಒಂದು, ಎರಡು, ನಾಲ್ಕು, ಏಳು, ಹದಿನಾಲ್ಕು. ಕೂಡಿದರೆ ಸರಿಯಾಗಿ ಇಪ್ಪತ್ತೆಂಟು! ತುಂಬು ಸಂಸಾರ!" ಆ ದಿನ ಜಗಲಿಯ ಮುದುಕನಿಗೆ ಒಳಗೆ ಕರೆ ಬಂದಿತ್ತು. ಆಕೆಯನ್ನು ಮದುವೆಯಾಗುವುದು, ಕಲ್ಲಮ್ಮನನ್ನು ದೇವನೂರಿನ ತವರಿಗೆ ಕಳಿಸುವುದು ಎಂದು ತೀರ್ಮಾನವಾಯಿತು. ಕಲ್ಲಮ್ಮನನ್ನು ಕೇಳಿದವರಿಲ್ಲ.

ಮಾತುಕತೆಗೆ ಮಲ್ಲಿಕಾಂಬಳ ಅಣ್ಣ ಗಂಗಾಧರಯ್ಯ ಬಂದ.

"ಮೇಷ್ಟ್ರಿಗೆ ವಯಸ್ಸೆಷ್ಟಾಯ್ತು?"

"ನಲವತ್ತು."

ಮಜ್ಜಿಗೆ ತಂದ ಕಲ್ಲಮ್ಮ ನಿಂತಳು. "ಅದು ಹೋದ ಕಾರ್ತೀಕಕ್ಕೇ ಮುಗೀತಲ್ರೀ. ಈಗ ನಲವತ್ತೊಂದು." ಬೆರಳು ಗೋಡೆಯತ್ತ ಹೋಯಿತು.

"ಅದೇನು ಸಾಲು, ತಾಯಿ?"

"ಮಕ್ಕಳಾಗದವರ ಪಟ್ಟಿ ಕಣಣ್ಣಾ. ಇವರೇ ಬರೆದದ್ದು. ನಾನೂ ಅಲ್ಲೇ ಇದೀನಿ, ಇವರ ಹಿಂದಿನ ಮನೇಲಿ."

ಮೇಷ್ಟ್ರು ಕೆಮ್ಮಿದರು. "ಅದು ಹೆಂಗಸರಿಗೆ ಮಾತ್ರ."

"ಗೋಡೇಲಿ ಹಂಗೇನೂ ಬರೆದಿಲ್ವಲ್ರೀ," ಎಂದ ಗಂಗಾಧರಯ್ಯ ಮಜ್ಜಿಗೆ ಪೂರ್ತಿ ಕುಡಿದ. "ಬರೋ ಕಾರ್ತೀಕ ಕಳೀಲಿ. ಆಮೇಲೆ ನೋಡಾಣ."

ವರ್ಷವಿಡೀ ಮೇಷ್ಟ್ರು ನಲವತ್ತೆರಡಕ್ಕೆ ಕಾದರು. ಆರು ಮಕ್ಕಳ ಸಂಖ್ಯೆ! ಕಾರ್ತೀಕ ಕಳೆದ ಮರುದಿನ ರುಮಾಲು ಸುತ್ತಿ ಲಿಂಗದಹಳ್ಳಿಗೆ ಹೊರಟು ನಿಂತರು. ಕಲ್ಲಮ್ಮ ರೊಟ್ಟಿಬುತ್ತಿ ಕೈಗಿಟ್ಟಳು.

"ಅಲ್ರೀ, ಮಲ್ಲಿಕಾಂಬಗೂ ಒಂದು ವರ್ಷ ಕಳೀತಲ್ಲ. ಈಗೆಷ್ಟು?"

ಮೇಷ್ಟ್ರು ಗೋಡೆ ನೋಡಿದರು. ಇಪ್ಪತ್ತಮೂರರ ಪಕ್ಕದಲ್ಲೇ ಇಪ್ಪತ್ತೊಂಬತ್ತು ಅವರದೇ ದುಂಡಕ್ಷರದಲ್ಲಿತ್ತು. ಬಹಳ ಹೊತ್ತು ಭಾಗಿಸಿದರು. ಕೊನೆಗೆ ಜಗಲಿಯ ಮೇಲೆ ಕೂತು ರುಮಾಲು ಬಿಚ್ಚಿದರು.

"ನಂಗೆ ಮೂವತ್ತೆಂಟು," ಎಂದಳು ಕಲ್ಲಮ್ಮ. "ಎರಡು, ಹತ್ತೊಂಬತ್ತು. ಇಬ್ಬರು ಮಕ್ಕಳಂತೆ. ಆ ಬುತ್ತಿ ಇಲ್ಲೇ ಉಂಡ್ಬಿಡಿ."

ಆ ಸಲ ಸುಣ್ಣ ಬಳಿಯುವಾಗ ಆಕೆ ಸಾಲನ್ನು ಬಿಡಲಿಲ್ಲ.