ನಲವತ್ತರ ಎಣ್ಣೆ, ಇಪ್ಪತ್ತರ ಎಣ್ಣೆ

ನನ್ನ ಮದುವೆಯಾದ ವರ್ಷದ ಬಗ್ಗೆ ಅನುಮಾನವಿಲ್ಲ: ೧೯೫೭ರ ಬೇಸಿಗೆ. ನಯಾಪೈಸೆ ಆಗತಾನೆ ಚಲಾವಣೆಗೆ ಬಂದಿತ್ತು. ದಿಬ್ಬಣದ ಬಸ್ಸಿನಲ್ಲಿ ಕುಳಿತ ಹಿರಿಯರು ಒಂದಾಣೆಗೆ ಆರು ಪೈಸೆಯೋ ಏಳು ಪೈಸೆಯೋ ಎಂದು ದಾರಿಯುದ್ದಕ್ಕೂ ವಾದಿಸಿದ್ದರು. ಆ ಬಸ್ಸು ನನ್ನ ಗಂಡನದೇ. ಚಿಂತಾಮಣಿಯಿಂದ ಶಿಡ್ಲಘಟ್ಟದ ಮೇಲೆ ಚಿಕ್ಕಬಳ್ಳಾಪುರಕ್ಕೆ ಅದನ್ನು ಅವರೇ ಓಡಿಸುತ್ತಿದ್ದರು. ರೇಷ್ಮೆಗೂಡು ಮಾರುವವರು ಮಾರುಕಟ್ಟೆ ತೆರೆಯುವ ಹೊತ್ತಿಗೆ ಶಿಡ್ಲಘಟ್ಟದಲ್ಲಿರಬೇಕಾಗಿದ್ದರಿಂದ ಮೊದಲ ಟ್ರಿಪ್ಪು ಬೆಳಕು ಹರಿಯುವ ಮುನ್ನವೇ ಹೊರಡಬೇಕಿತ್ತು.

ನಾನು ತೊಂಡೇಬಾವಿಯ ಕಡೆಯ ಹುಡುಗಿ. ಸೇರಿದ್ದು ತುಂಬಿದ ಮನೆ: ಅತ್ತೆ, ಮಾವ, ಇಬ್ಬರು ಭಾವಂದಿರು, ಅವರ ಹೆಂಡತಿ ಮಕ್ಕಳು. ಹಗಲಿನಲ್ಲಿ ಹಿರಿಯರೆದುರು ಗಂಡನೊಡನೆ ಮಾತನಾಡುವುದು ಆ ಮನೆಯಲ್ಲಿ ಇರಲಿಲ್ಲ. ರಾತ್ರಿ ಅವರು ದಣಿದು ಬರುತ್ತಿದ್ದರು. ನಮ್ಮ ಕೋಣೆಗೂ ಪಕ್ಕದ್ದಕ್ಕೂ ನಡುವೆ ಇದ್ದದ್ದು ಹಲಗೆಯ ಮರೆ ಮಾತ್ರ; ಅದರಾಚೆಯ ಕಿವಿಗಳು ನಿದ್ರಿಸುತ್ತಿದ್ದವೆಂದು ಹೇಳಲಾರೆ. ನಾವಿಬ್ಬರೇ ಕುಳಿತು ಮಾತನಾಡುವ ಗಳಿಗೆಯೊಂದು ನನಗೆ ದೊರಕಿದ್ದು ಮೊದಲ ಚಳಿಗಾಲದಲ್ಲಿ. ಅದು ದೊರಕಿದ್ದು ಇಂಜಿನ್ ಎಣ್ಣೆಯಿಂದ.

ಬಸ್ಸಿನ ಇಂಜಿನ್ನು ಬಹಳ ಸವೆದಿತ್ತು. ತೆಳು ಎಣ್ಣೆ ಹಾಕಿದರೆ ಸುಟ್ಟು ನೀಲಿ ಹೊಗೆಯಾಗುತ್ತಿತ್ತು. ಆದ್ದರಿಂದ ನಲವತ್ತು ನಂಬರಿನ ಮಂದ ಎಣ್ಣೆಯೇ ಬೇಕು ಎಂಬುದು ಪೇಟೆಯ ಮೆಕ್ಯಾನಿಕ್ ಸಾಬರ ತೀರ್ಪು. ಆದರೆ ಧನುರ್ಮಾಸದ ಚಳಿಗೆ ಆ ಎಣ್ಣೆ ಜೋನಿಬೆಲ್ಲದಂತೆ ಬಿಗಿದು, ಇಬ್ಬರು ಸೇರಿ ಹ್ಯಾಂಡಲ್ ಹೊಡೆದರೂ ಇಂಜಿನ್ನು ತಿರುಗುತ್ತಿರಲಿಲ್ಲ. ಇದಕ್ಕೆ ಡ್ರೈವರುಗಳು ಕಂಡುಕೊಂಡಿದ್ದ ಉಪಾಯವೊಂದಿತ್ತು: ರಾತ್ರಿ ಬಂದೊಡನೆ ಬಿಸಿ ಎಣ್ಣೆಯನ್ನು ಇಂಜಿನ್ನಿನ ಅಡಿಯಿಂದ ಡಬ್ಬಕ್ಕೆ ಇಳಿಸುವುದು, ಬೆಳಗಿನ ಜಾವ ಕಾಯಿಸಿ ಮತ್ತೆ ಹುಯ್ಯುವುದು. ನಮ್ಮ ಮನೆಯಲ್ಲಿ ಅದನ್ನು ಕಾಯಿಸುವ ಜಾಗ ಬಚ್ಚಲ ಒಲೆ. ಕಾಯಿಸುವವಳು ನಾನು.

ರೇಷ್ಮೆಹುಳು ಎಲೆ ತಿಂದು ಬಿಟ್ಟ ಹಿಪ್ಪುನೇರಳೆಯ ಕಡ್ಡಿಗಳನ್ನು ಉರಿಸಿ, ಕೆಂಡ ಮಾಡಿ, ಅದರ ಮೇಲೆ ಡಬ್ಬ ಇಡುತ್ತಿದ್ದೆ. ಉರಿ ತಗುಲಬಾರದು, ಆತುರ ಕೂಡದು. ಎಣ್ಣೆ ಸಡಿಲವಾಗುವವರೆಗೆ ಅವರು ತಲೆಗೆ ಟವೆಲ್ ಸುತ್ತಿಕೊಂಡು ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತಿರುತ್ತಿದ್ದರು.

"ನನ್ನ ಸವತಿಗೆ ದಿನಾ ಎಣ್ಣೆಸ್ನಾನ. ನನಗೆ ಮಾತ್ರ ದೀಪಾವಳಿಗೆ ಒಂದ್ಸಲ," ಎಂದಿದ್ದೆ ಒಮ್ಮೆ.

"ಅವಳು ದುಡೀತಾಳೆ ಕಣೇ. ನೀನೂ ದಿನಾ ಚಿಕ್ಕಬಳ್ಳಾಪುರಕ್ಕೆ ಹೋಗ್ಬಾ, ನಾನೇ ಎಣ್ಣೆ ಒತ್ತಿ ನೀರು ಹುಯ್ತೀನಿ."

"ಮೆಲ್ಲಗೆ ರೀ! ಅತ್ತೆ ಎದ್ದವ್ರೆ."

"ಏಳಲಿ ಬಿಡು. ಅಮ್ಮ ಆಗ್ಲೇ ಕೇಳವ್ರೆ, ಸಾರಿಗೂ ಇದೇ ಎಣ್ಣೇಲಿ ಒಗ್ಗರಣೆ ಹಾಕ್ತಾಳಾ ಅಂತ."

ನಾನು ಮುಂದೆ ಓದಬೇಕೆಂಬ ಮಾತನ್ನು ಅವರು ಮೊದಲು ಎತ್ತಿದ್ದೂ ಆ ಒಲೆಯ ಮುಂದೆಯೇ. ಹೊಗೆಗೆ ಕಣ್ಣು ಉರಿಯುತ್ತಿತ್ತು, ಸೀರೆಗೆಲ್ಲ ಎಣ್ಣೆಯ ವಾಸನೆ. ಆದರೂ ಸಂಕ್ರಾಂತಿ ಕಳೆದು ಚಳಿ ಇಳಿಯತೊಡಗಿದಾಗ, ಊರೆಲ್ಲ ಹಗುರಾಗುತ್ತಿದ್ದರೆ ನಾನು ಒಳಗೊಳಗೇ ಕುಗ್ಗಿದೆ. ಮುಂದಿನ ಚಳಿಗಾಲವನ್ನು ಹಾಗೆ ಕಾದವರು ಆ ಊರಿನಲ್ಲಿ ಬೇರೆ ಯಾರೂ ಇರಲಾರರು.

ಆ ಬೇಸಿಗೆಯಲ್ಲಿ, ಎಂದರೆ ೧೯೫೮ರಲ್ಲಿ, ಇಂಜಿನ್ನನ್ನು ಪೂರ್ತಿ ಬಿಚ್ಚಿ, ಸವೆದ ಸಿಲಿಂಡರುಗಳನ್ನು ಹೊಸದಾಗಿ ಬೋರ್ ಮಾಡಿಸಿದರು. ಕಾರ್ತಿಕದ ಚಳಿ ಶುರುವಾದಾಗ ಅವರು ಎರಡು ಬಾಟಲಿ ಎಣ್ಣೆ ತಂದು ರಾತ್ರಿ ಹಿತ್ತಲ ಗೋಡೆಯ ಮೇಲೆ ಇಟ್ಟರು: ಒಂದು ನಲವತ್ತು, ಇನ್ನೊಂದು ಇಪ್ಪತ್ತು. ಬೆಳಿಗ್ಗೆ ಎಲ್ಲರೆದುರು ಎರಡನ್ನೂ ಬಗ್ಗಿಸಿ ತೋರಿಸಿದರು. ನಲವತ್ತರದ್ದು ಬಾಟಲಿಯ ಕತ್ತಿಗೆ ಬರಲು ಮನಸ್ಸಿಲ್ಲದಂತೆ ತೆವಳಿತು. ಇಪ್ಪತ್ತರದ್ದು ಸರಕ್ಕನೆ ಹರಿಯಿತು.

"ಸಾಬರು ಹೇಳಿದ್ರು, ಇಂಜಿನ್ ಈಗ ಬಿಗಿಯಾಗಿದೆ, ಇನ್ನು ತೆಳೂದೇ ಸಾಕು, ಮನೇವ್ರಿಗೆ ಒಲೆ ಕಾಟ ಯಾಕೆ ಸ್ವಾಮಿ ಅಂತ," ಎಂದವರು, ಹಿರಿಯರಿದ್ದರೂ ನನ್ನ ಕಡೆ ತಿರುಗಿ, "ಯಾವುದು ಹಾಕ್ಸಣ?" ಎಂದು ಕೇಳಿದರು. ಮುಖದಲ್ಲಿ ಸಂತೋಷ ತುಂಬಿತ್ತು. ನನಗಾಗಿ ಒಂದು ಒಳ್ಳೆಯದನ್ನು ತಂದಿದ್ದೇನೆಂಬ ಸಂತೋಷ.

ನಾನು ಬಾಯಿ ತೆರೆಯುವ ಮುನ್ನವೇ ಅತ್ತೆ ಉತ್ತರಿಸಿದರು. "ಅವಳನ್ನೇನು ಕೇಳ್ತೀಯಪ್ಪ? ಪಾಪಂ, ಹೋದ ವರ್ಷವೆಲ್ಲ ಹೊಗೇಲಿ ಕಣ್ಣು ಕೆಡಿಸ್ಕೊಂಡವಳೆ. ತೆಳ್ಳಗಿರೋದೇ ಹಾಕ್ಸು. ಹುಡುಗಿ ಒಂದು ಗಳಿಗೆ ಮಲಗಲಿ."

ಆ ಮಾತಿನಲ್ಲಿ ಪ್ರೀತಿಯಲ್ಲದೆ ಬೇರೇನೂ ಇರಲಿಲ್ಲ. ನನಗೆ ಮಂದ ಎಣ್ಣೆಯೇ ಬೇಕು ಎಂದು, ಅದೂ ಭಾವಂದಿರ ಎದುರು, ಯಾವ ಹೆಂಗಸು ಯಾವ ಕಾರಣ ಕೊಟ್ಟು ಹೇಳಬಲ್ಲಳು? ನಾನು ತಲೆಯಾಡಿಸಿದೆ.

ಎಣ್ಣೆಯ ಆಯ್ಕೆ ಸರಿಯಾಗಿಯೇ ಇತ್ತು. ಆ ಚಳಿಗಾಲದಲ್ಲಿ ಬಸ್ಸು ಒಂದೇ ತಿರುವಿಗೆ ಹತ್ತಿಕೊಳ್ಳುತ್ತಿತ್ತು. ಅವರು ನನ್ನನ್ನು ಎಬ್ಬಿಸಬಾರದೆಂದು ಚಪ್ಪಲಿ ಕೈಯಲ್ಲಿ ಹಿಡಿದು ಹೊರಗೆ ಹೋಗುತ್ತಿದ್ದರು. ನನಗೆ ಎಚ್ಚರವಿರುತ್ತಿತ್ತು, ಆದರೆ ಏಳಲು ಕೆಲಸವೊಂದು ಇರಲಿಲ್ಲ. ಹಗಲಿನಲ್ಲಿ ಅವರಿಗಾಗಿ ಕೆಂಪು ಉಣ್ಣೆಯ ಮಫ್ಲರು ಹೆಣೆದೆ. ಅದನ್ನು ಕೊಟ್ಟದ್ದೂ ಅತ್ತೆಯ ಕೈಯಿಂದಲೇ.

ಮಾರ್ಗಶಿರದ ಒಂದು ಬೆಳಿಗ್ಗೆ, ಶಿಡ್ಲಘಟ್ಟಕ್ಕೆ ಮುಂಚಿನ ಕೆರೆ ಏರಿಯ ಮೇಲೆ, ಮಂಜಿನಲ್ಲಿ ದೀಪವಿಲ್ಲದ ಎತ್ತಿನ ಗಾಡಿಯೊಂದು ಎದುರಾಯಿತು. ಅವರು ಬಸ್ಸನ್ನು ಪಕ್ಕಕ್ಕೆ ಎಳೆದರು. ಅದು ಹುಣಸೆ ಮರಕ್ಕೆ ಬಡಿಯಿತು. ಗಾಡಿಯವನು ಉಳಿದ, ಪ್ರಯಾಣಿಕರೆಲ್ಲ ಉಳಿದರು. ನನ್ನ ಗಂಡನನ್ನು ಮನೆಗೆ ತಂದಾಗ ಕೊರಳಲ್ಲಿ ಮಫ್ಲರು ಹಾಗೆಯೇ ಇತ್ತು.

ಕೆಲವು ತಿಂಗಳ ನಂತರ ಅಪ್ಪ ನನ್ನನ್ನು ಗೌರಿಬಿದನೂರಿಗೆ ಕರೆದೊಯ್ದು ಓದಿಗೆ ಹಚ್ಚಿದರು. ಓದು ಉದ್ಯೋಗವಾಯಿತು, ಶಾಸನಗಳ ಕಾಲ ನಿರ್ಣಯಿಸುವುದರಲ್ಲಿ ನನ್ನ ಆಯುಷ್ಯ ಕಳೆಯಿತು.

ಇಷ್ಟೂ ಕಾಲ ಆ ಕೊನೆಯ ಬೆಳಗಿನ ಒಂದು ಚಿತ್ರ ನನ್ನೊಡನಿತ್ತು. ಅವರು ಹಿತ್ತಲ ಬಾಗಿಲಲ್ಲಿ ನಿಂತು ತಿರುಗಿ ನೋಡುತ್ತಾರೆ. ತಲೆಗೆ ಟವೆಲ್ ಸುತ್ತಿದೆ, ಕೈಯಲ್ಲಿ ಬಟ್ಟೆ ಸುತ್ತಿ ಹಿಡಿದ ಡಬ್ಬ, ಅದರಿಂದೇಳುವ ತೆಳು ಹೊಗೆ. "ಬಾಗಿಲು ಹಾಕ್ಕೋ, ಚಳಿ. ಬರ್ತೀನಿ ಕಣೇ," ಎನ್ನುತ್ತಾರೆ. ಅದೇ ಅವರು ನನಗೆ ಹೇಳಿದ ಕಡೆಯ ಮಾತೆಂದು ನಂಬಿದ್ದೆ. ಎಲ್ಲವೂ ಅಸಹನೀಯವಾದಾಗ ಆ ಮಾತನ್ನು ಹಿಡಿದುಕೊಂಡು ಕುಳಿತಿದ್ದೆ.

ಈ ಬರಹಕ್ಕಾಗಿ ಘಟನೆಗಳನ್ನು ಕ್ರಮವಾಗಿ ಜೋಡಿಸುವಾಗ ಆ ಚಿತ್ರ ಸ್ಥಳ ತಪ್ಪಿ ನಿಂತಿತು. ಎರಡನೆಯ ಚಳಿಗಾಲದಲ್ಲಿ ಡಬ್ಬ ಒಲೆ ಹತ್ತಿರಲಿಲ್ಲ, ಅದು ಬೇಕಿರಲೂ ಇಲ್ಲ. ತಲೆಗೆ ಟವೆಲ್ ಎಂದರೆ ಮಫ್ಲರು ಇನ್ನೂ ಬಂದಿರಲಿಲ್ಲ. ಬೇರೊಬ್ಬರ ಲೇಖನದಲ್ಲಿ ಇಂಥ ಎರಡು ಸಾಕ್ಷ್ಯ ಕಂಡಿದ್ದರೆ ನಾನು ಮರುಮಾತಿಲ್ಲದೆ ಕಾಲವನ್ನು ತಿದ್ದುತ್ತಿದ್ದೆ. ಇಲ್ಲಿಯೂ ತಿದ್ದಬೇಕು.

ಹಾಗಾದರೆ ಕೊನೆಯ ಬೆಳಗಿನದು ನನ್ನಲ್ಲಿ ಉಳಿದಿರುವುದು ಇಷ್ಟೇ: ಕತ್ತಲಲ್ಲಿ ಬಸ್ಸು ಒಂದೇ ತಿರುವಿಗೆ ಹತ್ತಿಕೊಂಡ ಸದ್ದು. ನಾನು ಎದ್ದು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಅದು ಬೀದಿಯ ತಿರುವು ದಾಟಿತ್ತು.

ಆ ಮಾತು ಹಿಂದಿನ ವರ್ಷದ ಯಾವುದೋ ಒಂದು ಬೆಳಗಿನದು. ಆ ದಿನ ಅವರು ಹೇಳಿದಂತೆಯೇ ಬಂದಿದ್ದರು.