ಬಿಸಿಲು ಬೇಯಿಸಿದ ಅನ್ನ

ಮೊನ್ನೆ ಕೊರಿಯರಿನವನು ತಂದಿಟ್ಟ ರಟ್ಟಿನ ಪೆಟ್ಟಿಗೆಯೊಂದು ಇಡೀ ಮಧ್ಯಾಹ್ನ ಬಾಲ್ಕನಿಯ ಬಿಸಿಲಲ್ಲೇ ಉಳಿದುಬಿಟ್ಟಿತ್ತು. ಸಂಜೆ ಎತ್ತಿಕೊಳ್ಳಲು ಬಗ್ಗಿದಾಗ ಕಾದ ರಟ್ಟಿನ ವಾಸನೆ ಮೂಗಿಗೆ ಬಡಿಯಿತು. ಒಣಗಿದ ಗೋಂದು, ಹೊಟ್ಟು, ಸ್ವಲ್ಪ ಸೀದ ಸಿಹಿ, ಎಲ್ಲ ಸೇರಿದಂಥ ವಾಸನೆ. ಒಳಗೆ ಹೋಗುವುದು ಬಿಟ್ಟು ಅಲ್ಲೇ ನೆಲದ ಮೇಲೆ ಕೂತೆ. ನಿಮಗೂ ಹೀಗಾಗುತ್ತದೇನೋ. ಎಂದೋ ಕೆಡವಿಹಾಕಿದ ಮನೆಯೊಳಕ್ಕೆ ಒಂದು ವಾಸನೆ ಕೈಹಿಡಿದು ಕರೆದುಕೊಂಡು ಹೋಗಿಬಿಡುತ್ತದೆ.

ನಮ್ಮ ಮನೆ ಇದ್ದದ್ದು ಮದ್ರಾಸಿನ ವೇಲಚೇರಿಯಲ್ಲಿ, ಅಲ್ಲಿಗೆ ಶಾಪಿಂಗ್ ಮಾಲುಗಳು ಬರುವುದಕ್ಕೆ ಮುಂಚೆ. ಕೆಳಗೆ ಎರಡು ಕೋಣೆ, ಒಂದು ಅಡುಗೆಮನೆ, ಹಿಂದೊಂದು ಜಗಲಿ. ಮೇಲೆ, ಊರವರೆಲ್ಲ ಮೊಟ್ಟೆಮಾಡಿ ಎನ್ನುವ ಬೋಳು ತಾರಸಿ. ಅಪ್ಪ ನುಂಗಂಬಾಕ್ಕಂನ ಒಂದು ವಿಮಾ ಕಚೇರಿಯಲ್ಲಿದ್ದರು. ಅಮ್ಮ ಅಲ್ಲೇ ಟೈಪಿಸ್ಟ್ ಆಗಿದ್ದವಳು. ಇಬ್ಬರೂ ಮೆಚ್ಚಿ ಮದುವೆಯಾದರು. ಅಮ್ಮನ ಜಾತಿ ಬೇರೆ. ಅಪ್ಪನ ತಾಯಿ, ನನ್ನ ಅಜ್ಜಿ, ಮೈಸೂರು ಕಡೆಯಿಂದ ಮದ್ರಾಸಿಗೆ ಸೊಸೆಯಾಗಿ ಬಂದ ವೈಷ್ಣವರ ಹೆಂಗಸು. ಆಕೆ ಮದುವೆಗೆ ಅಡ್ಡ ಬರಲಿಲ್ಲ, ಸೊಸೆಗೆ ಒಂದು ಕೆಟ್ಟ ಮಾತು ಆಡಲಿಲ್ಲ. ಆದರೆ ಸೊಸೆ ಬೇಯಿಸಿದ್ದನ್ನು ಬಾಯಿಗೂ ಇಡಲಿಲ್ಲ. ಹಿಂದಿನ ಜಗಲಿಯಲ್ಲಿ ಅವಳದೇ ಸೀಮೆಎಣ್ಣೆ ಸ್ಟವ್, ಅವಳದೇ ಪುಟ್ಟ ಪಾತ್ರೆಗಳು. ಒಂದೇ ಮನೆಯಲ್ಲಿ ಎರಡು ಅನ್ನ ಬೇಯುವುದು ಎಲ್ಲರ ಮನೆಯ ಪದ್ಧತಿ ಎಂದೇ ನಾನು ತಿಳಿದಿದ್ದೆ. ಅಮ್ಮ ಸಾರಿಗೆ ಒಗ್ಗರಣೆ ಹಾಕುವಾಗ ಒಮ್ಮೊಮ್ಮೆ ಜಗಲಿಯ ಕಡೆ ನೋಡುತ್ತಿದ್ದಳು. ಆ ನೋಟದ ಅರ್ಥ ನನಗೆ ಹೊಳೆದದ್ದು ಬಹಳ ತಡವಾಗಿ.

ಆರನೇ ಕ್ಲಾಸಿನಲ್ಲಿ ನಮ್ಮ ಶಾಲೆಯಲ್ಲಿ ವಿಜ್ಞಾನ ಮೇಳ ಎಂದರು. ನಾನು ಕ್ಲಾಸಿನಲ್ಲಿ ಬಾಯಿ ಬಿಡದ ಹುಡುಗಿ. ಸೌರ ಒಲೆ ಯಾರು ಮಾಡುತ್ತೀರಿ ಎಂದು ಮಿಸ್ ಕೇಳಿದಾಗ ನನ್ನ ಕೈ ಅದು ಹೇಗೆ ಮೇಲೆ ಹೋಯಿತೋ ನನಗೇ ತಿಳಿಯದು. ಮನೆಗೆ ಬಂದು ಹೇಳಿದರೆ ಅಜ್ಜಿ ನಕ್ಕಳು. “ಬಿಸಿಲಲ್ಲಿ ಸಂಡಿಗೆ ಒಣಗತ್ತೆ. ಅನ್ನ ಆಗತ್ತೇನೇ?”

“ವೇಗುಂ ಪಾಟಿ,” ಬೇಯುತ್ತೆ ಅಂತ ತಮಿಳಿನಲ್ಲೇ ಹಟ ಹಿಡಿದೆ. ಅವಳ ಕನ್ನಡಕ್ಕೆ ನನ್ನ ಉತ್ತರ ಯಾವಾಗಲೂ ತಮಿಳು.

“ಪಾಟಿ ಅಲ್ಲ, ಅಜ್ಜಿ,” ಎಂದು ತಿದ್ದಿ ಅವಳು ತನ್ನ ಬತ್ತಿ ಹೊಸೆಯುವುದಕ್ಕೆ ಕೂತಳು.

ಅಪ್ಪ ದಿನಸಿ ಅಂಗಡಿಯಿಂದ ಎರಡು ರಟ್ಟಿನ ಪೆಟ್ಟಿಗೆ ತಂದು ಒಂದರೊಳಗೊಂದು ಕೂರಿಸಿದರು. ಅಮ್ಮ ಅಲ್ಯೂಮಿನಿಯಂ ಡಬ್ಬಿಯೊಂದರ ಹೊರಮೈಗೆ ಕರಿಹಲಗೆಗೆ ಹಚ್ಚುವ ಬಣ್ಣ ಬಳಿದು ಒಣಗಿಸಿದಳು. ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಬೆಳ್ಳಿ ಕಾಗದವನ್ನು ಮೈದಾ ಅಂಟಿನಿಂದ ಅಂಟಿಸಿದ್ದು ನಾನು. ಭಾನುವಾರ ಡಬ್ಬಿಗೆ ಅಕ್ಕಿ, ನೀರು ಹಾಕಿ ಪೆಟ್ಟಿಗೆಯೊಳಗೆ ಕೂರಿಸಿ ತಾರಸಿಯಲ್ಲಿಟ್ಟು, ಮೇಲೆ ಗಾಜು ಮುಚ್ಚಿ ಕಾದೆವು. ಮಧ್ಯಾಹ್ನ ಇಳಿಯುವಾಗ ತೆರೆದು ನೋಡಿದರೆ ಬರೀ ನೆನೆದ ಅಕ್ಕಿ. ನಾನು ಅಳತೊಡಗಿದೆ. ಅಪ್ಪ ಪೆಟ್ಟಿಗೆಯ ಹೊರಗೋಡೆಗೆ ಅಂಗೈ ಒತ್ತಿ ನೋಡಿ, “ಶಾಖವೆಲ್ಲ ಪಕ್ಕದಲ್ಲಿ ಸೋರಿಹೋಗ್ತಾ ಇದೆ, ನಡುವೆ ಏನಾದ್ರೂ ತುಂಬಬೇಕು,” ಎಂದರು.

ಅಜ್ಜಿ ಕೆಳಗಿಳಿದು ಹೋದವಳು ತನ್ನ ಹಳೆಯ ನೂಲಿನ ಸೀರೆ ಹಿಡಿದು ಬಂದಳು. ಒಗೆದು ಒಗೆದು ಹತ್ತಿಯಷ್ಟೇ ಮೆತ್ತಗಾಗಿದ್ದ ಸೀರೆ. “ನಿಮ್ಮಪ್ಪನಿಗೆ ಎಳವೆಯಲ್ಲಿ ಇದನ್ನೇ ಹೊದಿಸ್ತಿದ್ದೆ. ಬೆಚ್ಚಗಿರತ್ತೆ,” ಎಂದಳು. ಒಂದು ತುದಿಯನ್ನು ಅವಳು, ಇನ್ನೊಂದನ್ನು ಅಮ್ಮ ಹಿಡಿದು ಎಳೆದರು. ಬಟ್ಟೆ ಉದ್ದಕ್ಕೂ ಪರ್ರನೆ ಸೀಳುತ್ತ ಹೋಯಿತು. ಅವರಿಬ್ಬರೂ ಸೇರಿ ಒಂದು ಕೆಲಸ ಮಾಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಸೀಳಿದ ಚೂರುಗಳನ್ನು ಎರಡು ಪೆಟ್ಟಿಗೆಗಳ ನಡುವೆ ತುಂಬಿದ ಮೇಲೆ ಮತ್ತೆ ಪರೀಕ್ಷೆ ಮಾಡಿ ನೋಡಲು ಬಿಡುವಾಗಲಿಲ್ಲ. ಮೇಳದ ದಿನ ಎಲ್ಲರೂ ಹೊರಟೆವು. ಯಾವತ್ತೂ ಶಾಲೆಯ ಕಡೆ ಬಾರದ ಅಜ್ಜಿ ಕೂಡ. ಹೊರಗೆ ಒಂದು ಗುಟುಕು ನೀರೂ ಕುಡಿಯದವಳು ಬೇವಿನ ಮರದ ಕೆಳಗಿನ ಬೆಂಚಿನಲ್ಲಿ ಕೂತಳು. ಅಮ್ಮ ಶಾಲೆಯ ನಲ್ಲಿಯಲ್ಲಿ ಅಕ್ಕಿ ತೊಳೆದು, ನೀರು ಅಳೆದು ಹಾಕಿದಳು. ಆದರೆ ಆಕಾಶದಲ್ಲಿ ಮೋಡ. ತೀರ್ಪು ಕೊಡಲು ಬಂದ ಕಾಲೇಜಿನ ಮೇಡಂ ಗಾಜು ಸರಿಸಿ ಡಬ್ಬಿ ತೆರೆದು ನೋಡಿದಾಗ ಅಕ್ಕಿ ಅಲುಗಿರಲಿಲ್ಲ. ಬಾಯಿಪಾಠ ಮಾಡಿದ್ದ ಇಂಗ್ಲಿಷ್ ನಡುವೆಯೇ ಕೈಕೊಟ್ಟಿತು. ತಮಿಳಿಗೆ ಹೊರಳಿದೆ, ಅದೂ ನಿಂತಿತು. ಅವರು ನನ್ನ ಬೆನ್ನು ತಟ್ಟಿ ಪಕ್ಕದ ಮೇಜಿಗೆ ಹೋದರು. ಬಹುಮಾನಗಳೂ ಪಕ್ಕದ ಮೇಜುಗಳಿಗೇ ಹೋದವು.

“ಇರು, ಇನ್ನೂ ಸ್ವಲ್ಪ ಹೊತ್ತು ನೋಡೋಣ,” ಎಂದರು ಅಪ್ಪ. ಜನ ಕರಗುತ್ತಿದ್ದಾಗ ಮೋಡವೂ ಸರಿಯಿತು. ಸುಡುವ ಮದ್ರಾಸ್ ಬಿಸಿಲು ಮೈದಾನದ ತುಂಬ ಬಿತ್ತು. ಅಪ್ಪ ಬಿಸಿಲು ಸರಿದ ಹಾಗೆಲ್ಲ ಪೆಟ್ಟಿಗೆಯನ್ನು ತಿರುಗಿಸುತ್ತ ನಿಂತರು. ಗಾಜಿನ ಒಳಗೆ ಹನಿ ಕಟ್ಟಿತು, ಆಮೇಲೆ ಹನಿಗಳು ಇಳಿಯತೊಡಗಿದವು. ಕೊನೆಗೆ ಅಮ್ಮ ಸೆರಗಿನಲ್ಲಿ ಹಿಡಿದು ಡಬ್ಬಿ ತೆರೆದಳು. ಹಬೆ ಎದ್ದಿತು.

ಅಜ್ಜಿ ಬೆಂಚಿನಿಂದ ಎದ್ದು ಬಂದು ಒಂದು ಅಗುಳು ತೆಗೆದು ಬೆರಳಲ್ಲಿ ಒತ್ತಿದಳು. “ಬೆಂದಿದೆ,” ಎಂದಳು. ಆಮೇಲೆ ಅಮ್ಮನ ಕಡೆ ತಿರುಗಿ, “ನಂಗೊಂದು ತುತ್ತು ಹಾಕು.”

ಅಮ್ಮ ಅಲ್ಲಾಡಲಿಲ್ಲ. “ಅತ್ತೆ, ಅಕ್ಕಿ ತೊಳೆದು ನೀರು ಹಾಕಿದ್ದು ನಾನು,” ಎಂದಳು ಮೆಲ್ಲಗೆ.

“ಗೊತ್ತು. ನೋಡ್ತಾನೇ ಇದ್ನಲ್ಲ. ಬೇಯಿಸಿದೋನು ಸೂರ್ಯನಾರಾಯಣ. ಅವನಿಗಿಲ್ಲದ ಮಡಿ ನನಗ್ಯಾಕೆ? ಹಾಕು.”

ಡಬ್ಬಿಯ ಮುಚ್ಚಳದಲ್ಲೇ ಅಮ್ಮ ಬಡಿಸಿದಳು. ಅಜ್ಜಿ ನಿಧಾನವಾಗಿ ಅಗಿದು, “ಚೂರು ಉಪ್ಪು ಹಾಕಬೇಕಿತ್ತು,” ಎಂದಳು. ಅಪ್ಪ ಬೇರೆ ಕಡೆ ತಿರುಗಿ, ಮಡಿಸಬೇಕಿಲ್ಲದ ಟವಲನ್ನು ಮಡಿಸುತ್ತಿದ್ದರು.

ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ಜಗಲಿಯ ಸ್ಟವ್ ಇನ್ನೂ ಕೆಲವು ತಿಂಗಳು ಉರಿಯಿತು. ಆಮೇಲೆ ಒಂದು ಬೆಳಿಗ್ಗೆ ಅಜ್ಜಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, “ನಂಗೂ ಸೇರಿಸಿ ಒಂದು ಹಿಡಿ ಹಾಕ್ಬಿಡು. ಸುಮ್ನೆ ಎರಡೆರಡು ಒಲೆ ಯಾಕೆ,” ಎಂದಳಂತೆ. ನಾನು ಶಾಲೆಯಲ್ಲಿದ್ದೆ. ಅಮ್ಮ ಅದನ್ನು ನನಗೆ ಎಷ್ಟು ಸಲ ಹೇಳಿದ್ದಾಳೋ. ಅಜ್ಜಿಯ ಕೊನೆಯ ದಿನಗಳಲ್ಲಿ ಗಂಜಿ ಕುಡಿಸಿದ್ದೂ ಅಮ್ಮನೇ. ಬೇರೆಯವರು ಚಮಚ ಹಿಡಿದರೆ ಆಕೆ ಬಾಯಿ ತೆರೆಯುತ್ತಿರಲಿಲ್ಲ.

ಈಗ ಅಜ್ಜಿ ಇಲ್ಲ, ಅಪ್ಪನೂ ಇಲ್ಲ. ಮನೆಯ ಜಾಗದಲ್ಲಿ ಫ್ಲಾಟುಗಳು ಎದ್ದಿವೆ. ಅದರ ಮುಂದೆ ಹಾದುಹೋಗುವಾಗ ನಮ್ಮ ಬಾಗಿಲು ಎಲ್ಲಿತ್ತೆಂದು ನನಗೆ ಗುರುತು ಹತ್ತುವುದಿಲ್ಲ. ಅಮ್ಮ ನನ್ನ ಜೊತೆಗಿದ್ದಾಳೆ. ನಾವಿಬ್ಬರೂ ಕೂತಾಗ ಸುತ್ತಿ ಬಳಸಿ ಮಾತು ಬಂದು ನಿಲ್ಲುವುದು ಮೇಳದಿಂದ ನಾಲ್ವರೂ ನಡೆದು ಬಂದ ಆ ಸಂಜೆಗೆ. ದೊಡ್ಡ ರಸ್ತೆ ದಾಟಬೇಕಿತ್ತು, ಬಸ್ಸುಗಳು ನುಗ್ಗಿ ಬರುತ್ತಿದ್ದವು. ಅಪ್ಪ ಅಭ್ಯಾಸದಂತೆ ಅಜ್ಜಿಯ ಪಕ್ಕಕ್ಕೆ ಬಂದು ನಿಂತರು. ಅಜ್ಜಿ ಮಾತ್ರ ಆಚೆ ತಿರುಗಿ ಅಮ್ಮನ ಕೈ ಹಿಡಿದುಕೊಂಡಳು.