ಅಸಲಿ ಎಲೆಯ ಸಾರ

ಬೀದಿ ಗುಡಿಸುವವರು ಇನ್ನೂ ಪೊರಕೆ ಹಿಡಿದಿರುವುದಿಲ್ಲ, ಅಷ್ಟರಲ್ಲೇ ಪ್ರಯೋಗಾಲಯದ ದೀಪ ಹೊತ್ತಿಕೊಳ್ಳುತ್ತದೆ. ಎಲೆಯಮ್ಮ ಬಂದರೆಂದು ಅರ್ಥ. ಜೊತೆಯವರು ಇಟ್ಟ ಹೆಸರದು. ಗಿಡಮೂಲಿಕೆಯ ಸಾರ ಸೋಸಿ ಸೋಸಿ ಅವರ ಬೆರಳ ತುದಿಗಳು ಯಾವ ಸೋಪಿಗೂ ಜಗ್ಗದ ಹಸಿರಾಗಿವೆ. ಔಷಧ ತಯಾರಕರು ಕಳಿಸುವ ಎಲೆ, ಬೇರು, ತೊಗಟೆಯ ಸಾರ ತೆಗೆದು ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಇಡುತ್ತಾರೆ. ಪಟ್ಟಿಯ ಬುಡವನ್ನು ದ್ರಾವಕದಲ್ಲಿ ಅದ್ದಿದರೆ ಹನಿ ಮೇಲೇರುತ್ತ ಬಣ್ಣದ ಗೆರೆಗಳಾಗಿ ಒಡೆಯುತ್ತದೆ. ಅಸಲಿ ಮಾದರಿಯ ಗೆರೆಗಳಿಗೆ ಹೊಂದಿದರೆ ಗಿಡ ಅಸಲಿ. ಆಮೇಲೆ ವಿಷದ ಪರೀಕ್ಷೆ. ಅದಕ್ಕೆ ವಾರಗಟ್ಟಲೆ ಕಾಯಬೇಕು.

ದಿನಕ್ಕೆ ಹತ್ತು ಹನ್ನೆರಡು ಮಾದರಿ ಅವರ ಕೈ ದಾಟುತ್ತವೆ. ಯಾವ ಸೀಸೆಯ ಮೇಲೂ ಅವರ ಹೆಸರಿಲ್ಲ. ಹೊಗಳಲು ಹೊರಟರೆ ತಲೆ ತಗ್ಗಿಸುತ್ತಾರೆ.

"ನನ್ನ ಬಗ್ಗೆ ಬರೀಲೇಬೇಕು ಅಂದ್ರೆ ಅಕ್ಕನ ವಿಷಯಾನೂ ಬರೀರಿ. ಇಲ್ಲಾಂದ್ರೆ ಬೇಡ."

ಬಟ್ಟೆ ಹೊಲಿದು ಇವರನ್ನು ಓದಿಸಿದವರು ಆ ಅಕ್ಕ. ಮಂಡಿನೋವಿನಿಂದ ಹೊಲಿಗೆ ಯಂತ್ರ ತುಳಿಯಲಾಗದೆ ಕೂತಿದ್ದರು. ಹೋದ ಬೇಸಿಗೆಯಲ್ಲಿ ಮಂಡಿನೋವಿಗೆಂದೇ ಬಳಸುವ ಎಲೆಯೊಂದು ಪರೀಕ್ಷೆಗೆ ಬಂತು, ಗೆರೆಗಳೂ ಅಚ್ಚುಕಟ್ಟಾಗಿ ಹೊಂದಿದವು. ವಿಷದ ಫಲಿತಾಂಶ ಬರುವ ಮೊದಲೇ ಉಳಿದ ಸಾರವನ್ನು ಮನೆಗೆ ಒಯ್ದರು, ಊರಿಗೆಲ್ಲ ಬುದ್ಧಿ ಹೇಳುವ ಈ ಮಹಾತಾಯಿ! ಅಕ್ಕ ಮರುಮಾತಿಲ್ಲದೆ ಕುಡಿದರು. ಕೆಲವೇ ದಿನಗಳಲ್ಲಿ ಅವರ ಕಣ್ಣು ಹಳದಿಯಾಯಿತು, ತುತ್ತು ಗಂಟಲಲ್ಲಿ ಇಳಿಯದಾಯಿತು.

"ಅಸಲಿ ಎಲೆ ಅಂತ ಗೊತ್ತಿತ್ತು. ಆ ಅಸಲಿ ಎಲೆನೇ ಲಿವರ್‌ಗೆ ಆಗಲ್ಲ ಅಂತ ಗೊತ್ತಿರ್ಲಿಲ್ಲ. ಅದನ್ನ ಗೊತ್ತು ಮಾಡ್ಕೊಳ್ಳೋದೇ ಅಲ್ವಾ ನನ್ನ ಕೆಲಸ?"

ಏನು ಕುಡಿದಿರಿ ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರೆ, ಅಕ್ಕ ಯಾವುದೋ ಅಂಗಡಿಯದು, ಹೆಸರು ಮರೆತಿದೆ ಎಂದುಬಿಟ್ಟರು. ತಂಗಿಯ ನೌಕರಿ ಹೋದೀತೆಂಬ ಭಯ. ತಂಗಿಯ ಬಾಯಿಗೂ ಬೀಗ ಬಿದ್ದಿತ್ತು, ಛೇ! ಡಾಕ್ಟರು ಬಾಗಿಲು ದಾಟಿದ ಮೇಲೆ ಜೀವ ತಡೆಯದೆ ಹಿಂದೆಯೇ ಓಡಿ ಎಲ್ಲ ಹೇಳಿದರು. ಮರುದಿನ ಮೇಲಧಿಕಾರಿಗೂ ಹೇಳಿದರು. ಚಿಕಿತ್ಸೆಗೆ ದಾರಿ ಸಿಕ್ಕಿತು, ಅಕ್ಕ ಉಳಿದುಕೊಂಡರು. ಆ ಎಲೆ ವಿಷದ ಪರೀಕ್ಷೆಯಲ್ಲಿ ಬಿದ್ದುಹೋಯಿತು. ಎಲೆಯಮ್ಮನಿಗೆ ಬರಬೇಕಿದ್ದ ಬಡ್ತಿ ಬರಲಿಲ್ಲ. ಅದರ ಬಗ್ಗೆ ಅವರಿಗೆ ದೂರಿಲ್ಲ.

ಅವರನ್ನು ಹಿಂಡುವುದು ಬೇರೆಯದೇ. ಮನೆಗೆ ಯಾರೇ ಬಂದರೂ ಅಕ್ಕ, ನನ್ನ ತಂಗಿ ನೋಡಿದ ಔಷಧಿಯನ್ನು ಕಣ್ಣು ಮುಚ್ಚಿಕೊಂಡು ಕುಡಿಯಬಹುದು ಎನ್ನುತ್ತಾರೆ. ಆಗೆಲ್ಲ ಎಲೆಯಮ್ಮ ಅಡುಗೆಮನೆಗೆ ಸರಿದುಬಿಡುತ್ತಾರೆ. ಆ ಮಾತು ಕೇಳಿದರೆ ನೆಲ ಬಾಯಿಬಿಡಬಾರದೇ ಅನ್ನಿಸುತ್ತದಂತೆ.

ಏನಾದರೂ ಆಸೆಯಿದೆಯೇ ಎಂದರೆ ಹೇಳುತ್ತಾರೆ:

"ಅಕ್ಕ ಒಂದ್ಸಲ ನನ್ನ ಬಾಯ್ತುಂಬ ಬೈಬೇಕು. ಬೈಯಕ್ಕಾ ಅಂತ ಕೇಳ್ಕೊಂಡೂ ನೋಡ್ದೆ. 'ಮಾತ್ರೆ ತಗೊಳ್ಳೋ ಹೊತ್ತಾಯ್ತು, ಕೊಡು' ಅಂತ ಕೈ ಚಾಚಿದ್ಳು. ಕೊಟ್ಟಿದ್ದು ಯಾವ ಮಾತ್ರೆ ಅಂತಾನೂ ನೋಡ್ಲಿಲ್ಲ."